ಮೊದಲ ಪಾಪನಿವೇದನೆ

ನಿನ್ನೆಯಷ್ಟೇ ಬಿಷಪ್ಪರಿಂದ ಗುರುದೀಕ್ಷೆ ಪಡೆದ ಕಿರಿಯ ಪಾದ್ರಿ, ಇಂದು ಮೊದಲ ಸಲ ಪಾಪನಿವೇದನೆ ಕೇಳಲು ಕುಳಿತಿದ್ದ. ಪರದೆಯಾಚೆ ಯಾರೋ ಮೊಣಕಾಲೂರಿದ ಸದ್ದಾಯಿತು. ಅಷ್ಟೇ, ಕ್ಷಮೆ ನೀಡುವ ಪ್ರಾರ್ಥನೆಯೇ ತಲೆಯಿಂದ ಹಾರಿಹೋಯಿತು. ತನ್ನನ್ನು ನಂಬಿ ಬಂದ ಜೀವ ಕ್ಷಮೆಯಿಲ್ಲದೆ ಎದ್ದುಹೋದರೆ?

“ಹೆದರಿಕೆಯಾ, ಸ್ವಾಮಿ?” ಮುದಿ ದನಿಯೊಂದು ಪಿಸುಗುಟ್ಟಿತು.

“ಪ್ರಾರ್ಥನೆ ಮರೆತೇಹೋಯ್ತು, ಅಜ್ಜಾ. ಬೇರೆ ಪಾದ್ರಿಗಳ ಹತ್ರ ಹೋಗ್ತೀರಾ?”

“ನಾನು ನಿಮ್ಮ ಹತ್ರಾನೇ ಬಂದಿದ್ದು. ಹೇಳಿಕೊಡ್ತೇನೆ, ನನ್ನ ಹಿಂದೇನೇ ಹೇಳಿ.”

ಅಕ್ಷರ ಕಲಿಯಲು ಕೂತ ಮಗುವಿನಂತೆ ಅವನು ಒಂದೊಂದೇ ಪದ ಒಪ್ಪಿಸಿದ.

“ಈಗ ನಿಮ್ಮ ಪಾಪ ಹೇಳಿ, ಅಜ್ಜಾ.”

“ನಿನ್ನೆ ನಿಮ್ಮ ತಲೆಯ ಮೇಲೆ ಕೈಯಿಟ್ಟು ದೀಕ್ಷೆ ಕೊಡುವಾಗ, ಈ ಹುಡುಗನ ಕೈಲಿ ಏನಾಗುತ್ತೆ ಅಂತ ಒಳಗೊಳಗೇ ನಕ್ಕುಬಿಟ್ಟೆ, ಸ್ವಾಮಿ. ಕ್ಷಮಿಸಿ.”