ಪಾಪನಿವೇದನೆಯ ಕೆಂಪು ದೀಪ

ಮೇಣದಬತ್ತಿಯ ತಟ್ಟೆಗೆ ಅಂಟಿದ್ದ ಮೇಣವನ್ನು ಹುಡುಗಿ ಮೊಂಡು ಚಾಕುವಿನಿಂದ ಕೆರೆಯುತ್ತಿದ್ದಳು. ಸದ್ದಾಗದಂತೆ ಕೆರೆಯುವುದೂ ಒಂದು ವಿದ್ಯೆ. ಎರಡು ವರ್ಷದಲ್ಲಿ ಕೈಗೆ ಹತ್ತಿತ್ತು. ಚರ್ಚು ನೋಡಲು ಬರುವವರು ಅವಳನ್ನು ಕಂಬದಷ್ಟೂ ಗಮನಿಸುತ್ತಿರಲಿಲ್ಲ. ಅವಳಿಗೆ ಬೇಕಾದದ್ದೂ ಅದೇ.

ಬಾಗಿಲಲ್ಲಿ ಹೆಜ್ಜೆಯ ಸದ್ದಾಯಿತು. ಒಂದು ಗಟ್ಟಿ, ಒಂದು ಎಳೆದದ್ದು. ಒಂದು ಗಟ್ಟಿ, ಒಂದು ಎಳೆದದ್ದು.

ಚಾಕು ನಿಂತಿತು.

ಐವತ್ತು ದಾಟಿದ ಹೆಂಗಸು. ಒಬ್ಬಳೇ. ಹೆಗಲಿಗೆ ಚೀಲ, ಕೈಯಲ್ಲಿ ಟಿಕೆಟ್ಟಿನ ಜೊತೆ ಕೊಡುವ ನಕ್ಷೆ. ನಕ್ಷೆಯ ಮಡಿಕೆ ಬಿಚ್ಚಿರಲಿಲ್ಲ. ನಾನೂರು ವರ್ಷದ ಚರ್ಚು; ಮೊದಲ ಸಲ ಬಂದವರು ಕತ್ತೆತ್ತಿ ಚಾವಣಿಯ ಚಿತ್ರ ನೋಡಿ ಬಾಯಿ ಬಿಡುತ್ತಾರೆ. ಇವಳು ಕತ್ತೆತ್ತಲಿಲ್ಲ. ನೇರವಾಗಿ ಎಡಗಡೆಯ ಗಾಜಿನ ಕಪಾಟಿನ ಮುಂದೆ ಹೋಗಿ ನಿಂತಳು. ಆ ಕಪಾಟಿನ ನಡುವಿನ ಹಲಗೆ ಹನ್ನೊಂದು ವರ್ಷದಿಂದ ಖಾಲಿ.

ಹುಡುಗಿ ಟಿಕೆಟ್ ಮೇಜಿನತ್ತ ಸರಿದಳು. ಅಲ್ಲಿ ಕೂರುವವಳನ್ನು ಎಲ್ಲರೂ ಅತ್ತೆ ಎನ್ನುತ್ತಿದ್ದರು.

"ಅತ್ತೆ, ಅವಳೇ."

"ಯಾವಳೇ?"

"ಕಾಲು ಎಳೀತಾಳೆ ನೋಡಿ. ಬೆಳ್ಳಿ ಬಟ್ಟಲು ಕಳುವಾದ ವಾರ ಬಂದಿದ್ದಳು ಅಂತ ಹೇಳಿರ್ಲಿಲ್ವಾ?"

ಅತ್ತೆ ಹೆಣಿಗೆಯಿಂದ ಕಣ್ಣೆತ್ತಲಿಲ್ಲ. "ಹೋದ ತಿಂಗಳು ಕೋಲು ಹಿಡ್ಕೊಂಡು ಬಂದವಳೂ ಅವಳೇ ಅಂದೆ ನೀನು. ಪಾಪ, ಆಕೆ ಮಂಡಿನೋವಿನ ಟೀಚರಮ್ಮ. ನಿನ್ನ ಕಣ್ಣಿಗೆ ಕುಂಟೋರೆಲ್ಲ ಕಳ್ಳರೇನೇ?"

"ಇವಳು ನಕ್ಷೆ ಬಿಚ್ಚೇ ಇಲ್ಲ."

"ಕನ್ನಡಕ ಮರೆತು ಬಂದಿರ್ತಾಳೆ. ಹೋಗು ತಾಯಿ, ಪಾಪನಿವೇದನೆ ಗೂಡು ಒರೆಸು. ನಾಲ್ಕಕ್ಕೆ ಫಾದರ್ ಬಂದು ಕೂರ್ತಾರೆ. ಬೋರ್ಡು ಹಾಕೋದು ಮರೀಬೇಡ."

ಗೂಡಿನೊಳಗಿನ ಬಲ್ಬಿಗೂ ಹೊರಗಿನ ಕೆಂಪು ದೀಪಕ್ಕೂ ಒಂದೇ ಸ್ವಿಚ್ಚು. ಕೆಂಪು ದೀಪ ಉರಿದರೆ ಪಾದ್ರಿ ಒಳಗಿದ್ದಾರೆ, ಬಂದು ಮಂಡಿಯೂರಿ ಪಾಪ ಹೇಳಿಕೊಳ್ಳಬಹುದು ಎಂದರ್ಥ. ಅದಕ್ಕೇ ಒರೆಸುವಾಗ ಹೊರಗೆ 'ಮುಚ್ಚಿದೆ' ಎಂಬ ಬೋರ್ಡು ತೂಗುಹಾಕಬೇಕು. ಆ ದಿನ ಅವಳು ಸ್ವಿಚ್ಚು ಒತ್ತಿದಳು, ಪಾದ್ರಿಯ ಕಡೆಯ ಬಾಗಿಲಿನಿಂದ ಒಳಹೊಕ್ಕಳು, ಪರದೆ ಎಳೆದಳು. ಬೋರ್ಡಿನ ನೆನಪಾಗಲಿಲ್ಲ. ಪರದೆಯ ಸಂದಿಯಿಂದ ಆ ಹೆಂಗಸಿನ ಬೆನ್ನು ಕಾಣುತ್ತಿತ್ತು.

ಹನ್ನೊಂದು ವರ್ಷದ ಹಿಂದೆ ಹುಡುಗಿಗೆ ಒಂಬತ್ತು. ನಾಲ್ಕು ಹೆಜ್ಜೆಗೆ ಉಸಿರು ಕಟ್ಟುತ್ತಿದ್ದ ಮಗಳನ್ನು ಬೆಂಚಿನ ಮೇಲೆ ಮಲಗಿಸಿ, ಅಪ್ಪ ಗಂಟೆ ಬಾರಿಸಲು ಗೋಪುರ ಹತ್ತುತ್ತಿದ್ದ. ಮಲಗಿದಲ್ಲಿಂದಲೇ ಅವಳು ಕಂಡಿದ್ದಳು: ಕಾಲೆಳೆಯುವ ಹೆಂಗಸೊಬ್ಬಳು ಪೂಜೆಯ ಬೆಳ್ಳಿ ಬಟ್ಟಲಿನ ಮುಂದೆ ಬಹಳ ಹೊತ್ತು ನಿಂತದ್ದನ್ನು. ಅದೇ ವಾರ ಬಟ್ಟಲು ಮಾಯ. ಕಪಾಟಿಗೆ ಇದ್ದದ್ದು ಎರಡು ಬೀಗದಕೈ. ಒಂದು ಪಾದ್ರಿಯ ಬಳಿ, ಒಂದು ಅಪ್ಪನ ಬಳಿ. ಪಾದ್ರಿಯನ್ನು ಯಾರು ಕೇಳುತ್ತಾರೆ?

ಸಾಕ್ಷಿ ಸಿಗಲಿಲ್ಲ. ಅಪ್ಪನ ಕೆಲಸ ಹೋಯಿತು, ಮಾನವೂ ಹೋಯಿತು. ಊರು ಅಪ್ಪನನ್ನು ಉಗಿಯುತ್ತಿದ್ದಾಗ ಅವಳು ದೂರದ ಆಸ್ಪತ್ರೆಯಲ್ಲಿದ್ದಳು. ಅದು ಧರ್ಮಾಸ್ಪತ್ರೆ, ಹಾಗೆಂದು ಅಪ್ಪ ಹೇಳಿದ್ದ. ವಾಸಿಯಾಗಿ ಬಂದವಳು ಆ ಹೆಂಗಸಿನ ಸುದ್ದಿಯನ್ನು ಕಂಡಕಂಡವರಿಗೆ ಹೇಳಿದಳು. ಮಗುವಿನ ಮಾತು, ಯಾರ ಕಿವಿಗೂ ಬೀಳಲಿಲ್ಲ. ಅಪ್ಪ ಮಾತ್ರ "ಸಾಕು ಬಿಡು ಮಗಳೇ" ಎಂದು ಗೋಡೆಯತ್ತ ಹೊರಳಿದ. ಎಂಥ ಸಾಧು, ಯಾರ ಮೇಲೂ ಬೆರಳು ತೋರುವುದಿಲ್ಲ ಎಂದುಕೊಂಡಳು. ಶಾಲೆಯಲ್ಲಿ ಅವಳ ಹೆಸರು 'ಬಟ್ಟಲು ಕಳ್ಳನ ಮಗಳು' ಎಂದಾಯಿತು. ಏಳನೆಯ ತರಗತಿಗೆ ಶಾಲೆ ಬಿಟ್ಟಳು.

ಹೊಸ ಪಾದ್ರಿ ಕನಿಕರದಿಂದ ಪೊರಕೆ ಕೊಟ್ಟರು. ಅವಳು ಹಿಡಿದದ್ದು ಗುಡಿಸಲಿಕ್ಕಲ್ಲ, ಕಾಯಲಿಕ್ಕೆ. ಕದ್ದವರು ಒಂದಲ್ಲ ಒಂದು ದಿನ ಬಂದೇ ಬರುತ್ತಾರೆ. ಅವರ ಬಾಯಿಂದಲೇ ನಿಜ ಹೊರಡಬೇಕು. ಹಾಸಿಗೆ ಹಿಡಿದ ಅಪ್ಪನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ, ಊರೆಲ್ಲ ನೋಡುವಂತೆ, ಈ ಚರ್ಚಿನ ಮುಂಬಾಗಿಲಿನಿಂದಲೇ ಒಳತರಬೇಕು. ವೈದ್ಯರು ಹೇಳಿದ ಲೆಕ್ಕದಲ್ಲಿ ಅದಕ್ಕೆ ಉಳಿದದ್ದು ಒಂದೆರಡು ತಿಂಗಳು.

ಹೆಂಗಸು ತಿರುಗಿದಳು. ಕೆಂಪು ದೀಪ ನೋಡಿದಳು. ಒಂದು ಗಟ್ಟಿ, ಒಂದು ಎಳೆದದ್ದು. ಗೂಡಿನ ನಡುವಿನ ಜಾಲರಿಯ ಆಚೆ ಮಂಡಿಗೆ ಸಿಕ್ಕ ಹಲಗೆ ನರಳಿತು.

"ಆಶೀರ್ವಾದ ಮಾಡಿ, ಫಾದರ್. ನಾನು ಪಾಪ ಮಾಡಿದೀನಿ."

ನಾನು ಫಾದರ್ ಅಲ್ಲ ಎನ್ನಬೇಕಿತ್ತು. ಅವಳ ನಾಲಿಗೆ ಮೊದಲೇ ಸಂಕೋಚದ್ದು. ಅವಳು ಜಾಲರಿಗೆ ಕಿವಿ ಕೊಟ್ಟಳು.

"ಇಲ್ಲೊಂದು ಬೆಳ್ಳಿ ಬಟ್ಟಲಿತ್ತು. ಹನ್ನೊಂದು ವರ್ಷದ ಹಿಂದೆ ಅದನ್ನ ಈ ಊರಿಂದ ದಾಟಿಸಿದವಳು ನಾನು."

ಹುಡುಗಿ ಒರೆಸುವ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಳು. ಹೇಳು, ಇನ್ನೂ ಹೇಳು. ಮುಂಬಾಗಿಲ ಎರಡೂ ಕದ ತೆರೆದಂತೆ, ಗಾಲಿಕುರ್ಚಿ ಹೊಸ್ತಿಲು ದಾಟಿದಂತೆ ಕಣ್ಣಿಗೆ ಕಟ್ಟಿತು. ಆ ಚಿತ್ರದಲ್ಲಿ ಅತ್ತೆ ಎದ್ದು ನಿಂತಿದ್ದಳು, ಹೆಣಿಗೆ ನೆಲಕ್ಕೆ ಬಿದ್ದಿತ್ತು.

"ಹಳೇ ಸಾಮಾನು ಕೊಂಡು ಮಾರೋದು ನನ್ನ ಕಸುಬು. ಆಮೇಲೆ ಗಂಟೆ ಬಾರಿಸೋನನ್ನ ಊರೆಲ್ಲ ಕಳ್ಳ ಅಂತಂತೆ. ನನ್ನ ಕಿವಿಗೂ ಬಿತ್ತು. ಬಾಯಿ ಮುಚ್ಕೊಂಡಿದ್ದೆ."

ಹುಡುಗಿ ಪರದೆಯ ಅಂಚು ಹಿಡಿದಳು. ಈಗ ಹೊರಗೆ ನುಗ್ಗಿ ಅತ್ತೆಯನ್ನು ಕರೆಯಬೇಕು. ಇನ್ನೊಂದೇ ಮಾತು. ಅವನದೇನೂ ತಪ್ಪಿಲ್ಲ ಎಂದು ಈ ಬಾಯಿಂದ ಒಂದೇ ಮಾತು ಬಿದ್ದರೆ ಸಾಕು.

"ಅವನೇ ತಂದು ಕೊಟ್ಟ, ಫಾದರ್. ಗೋಪುರದ ಮೆಟ್ಟಿಲ ಕೆಳಗೆ, ಅಂಗಿಯೊಳಗೆ ಬಚ್ಚಿಟ್ಕೊಂಡು ಬಂದು. ಒಬ್ಬಳೇ ಮಗಳು, ಎದೆ ಆಪರೇಷನ್ ಆಗದಿದ್ರೆ ವರ್ಷ ದಾಟಲ್ಲ ಅಂತ ಕಾಲು ಹಿಡಿದ. ನಾನು ಚೌಕಾಸಿ ಮಾಡಿ ಬೆಲೆ ಅರ್ಧಕ್ಕಿಳಿಸಿದೆ." ಉಸಿರು ಜಾಲರಿಗೆ ತಾಕಿತು. "ಅರ್ಧದಲ್ಲಿ ಅವನೇನು ಮಾಡಿದನೋ. ಆ ಮಗು ಉಳೀತಾ, ಫಾದರ್? ಹೂಂ ಅನ್ನಿ, ಇಲ್ಲಾಂದ್ರೆ ಇಲ್ಲ ಅನ್ನಿ. ಅಷ್ಟು ಹೇಳಿ ಸಾಕು."