ನಿದ್ದೆ ದಾನ

ನಿದ್ದೆ ದಾನದ ಶಿಬಿರ ಮರುದಿನವೇ ಇತ್ತು. ಗದಗದ ಕಾಲೇಜಿನ ಹುಡುಗಿಯರು ಆಕಳಿಸುತ್ತಲೇ ಬ್ಯಾನರಿಗೆ ಬಣ್ಣ ಹಚ್ಚುತ್ತಿದ್ದರು. ಊರವರನ್ನು ಕೇಳುವ ಮೊದಲು ತಾವು ಕೊಡಬೇಕೆಂದು, ಎಲ್ಲರೂ ತಮ್ಮ ಒಂದು ರಾತ್ರಿಯ ನಿದ್ದೆಯನ್ನು ಫ್ಲಾಸ್ಕಿನಲ್ಲಿ ತುಂಬಿ ತಂದಿದ್ದರು. ಅದು ಸುಟ್ಟಗಾಯದ ನೋವಿನಿಂದ ಕಣ್ಣು ಮುಚ್ಚಲಾಗದ ಆಸ್ಪತ್ರೆಯ ಮಕ್ಕಳಿಗಾಗಿ.

ಪ್ರತಿವರ್ಷದಂತೆ ಫ್ಲಾಸ್ಕುಗಳನ್ನು ಆಸ್ಪತ್ರೆಗೆ ಒಯ್ಯಲು, ದಾನ ಸಂಗ್ರಹಿಸುವ ಟ್ರಸ್ಟಿನ ಚಂದ್ರಮೌಳಿ ಬಂದರು. ವಯಸ್ಸು ಅರವತ್ತು ದಾಟಿದ್ದರೂ ಅವರ ಮುಖ ಆಗತಾನೆ ಎದ್ದ ಕೂಸಿನಂತೆ ಹೊಳೆಯುತ್ತಿತ್ತು. ಶಿಬಿರದ ಹೊಣೆ ಹೊತ್ತಿದ್ದ ನೀಲಾಂಬಿಕಾಳಿಗೆ ಯಾಕೋ ಅನುಮಾನವಾಯಿತು.

"ಸರ್, ನಾವೂ ಬರ್ತೀವ್ರಿ. ಆ ಮಕ್ಕಳನ್ನ ನೋಡಬೇಕು."

"ಬ್ಯಾಡವಾ, ಅವಕ್ಕ ಸೋಂಕು ತಗಲ್ತದ," ಎಂದು ಅವರು ನಕ್ಕರು. ಯಾವ ವಾರ್ಡು ಎಂದು ಕೇಳಿದರೆ, "ಎಲ್ಲಾ ವಾರ್ಡಿಗೂ ಕೊಡ್ತೀವಿ," ಎಂದರು.

"ನಾ ಫೋನ್ ಮಾಡೋತನಕ ಒಂದೂ ಕೊಡಬ್ಯಾಡ," ಎಂದು ಗೆಳತಿ ತಬ್ಸುಮ್‌ಳ ಕಿವಿಯಲ್ಲಿ ಹೇಳಿ, ನೀಲಾಂಬಿಕಾ ತನ್ನ ಫ್ಲಾಸ್ಕನ್ನು ಎತ್ತಿಕೊಂಡು ಆಸ್ಪತ್ರೆಗೆ ಆಟೋ ಹತ್ತಿದಳು.

ಸುಟ್ಟಗಾಯದ ಮಕ್ಕಳ ವಾರ್ಡಿನ ತುಂಬ ನರಳಾಟವಿತ್ತು. ಬಾಗಿಲ ಬಳಿಯ ಹುಡುಗಿಯ ಮೂಗಿಗೆ ನೀಲಾಂಬಿಕಾ ಫ್ಲಾಸ್ಕು ಹಿಡಿದಳು. ಮಗುವಿನ ಬಿಗಿದ ಮುಷ್ಟಿ ಮೆಲ್ಲಗೆ ಸಡಿಲಾಯಿತು, ಕಣ್ಣುಗಳು ಮುಚ್ಚಿದವು. ನರ್ಸ್ ಗಾಬರಿಯಿಂದ ಓಡಿ ಬಂದು ಮಗುವಿನ ನಾಡಿ ಹಿಡಿದು ನೋಡಿದರು.

"ನಿದ್ದೀನ ಅಲ್ಲೇನವಾ ಇದು? ಎಲ್ಲಿಂದ ತಂದಿ?"

"ನಮ್ಮ ಕಾಲೇಜಿಂದ್ರಿ. ಪ್ರತಿ ವರ್ಷಾ ಕಳಸ್ತೀವಲ್ರಿ?"

"ನಾ ಇಲ್ಲಿಗೆ ಸೇರಿ ಹತ್ತು ವರ್ಷಾತು. ಯಾರೂ ತಂದಿದ್ದು ನೋಡಿಲ್ಲ," ಎಂದರು ನರ್ಸ್.

ನೀಲಾಂಬಿಕಾ ಕೂಡಲೇ ತಬ್ಸುಮ್‌ಗೆ ಫೋನ್ ಹಚ್ಚಿದಳು. "ಎಲ್ಲಾ ಹೊತ್ಕೊಂಡು ನೀವೇ ಬರ್ರಿ. ಲಗೂ ಬರ್ರಿ, ಮಕ್ಕಳು ಇನ್ನೂ ಎಚ್ಚರ ಅದಾವ."