ದಿನಕ್ಕೆ ಒಂಬತ್ತು ಟ್ಯಾಂಕರ್

ನೂರ ತೊಂಬತ್ತೈದನೆಯ ಟ್ಯಾಂಕರ್ ಗೇಟು ದಾಟಿ, ರಸ್ತೆಯುಬ್ಬಿನ ಮೇಲೆ ಎಗರಿ, ಧೂಳೆಬ್ಬಿಸಿಕೊಂಡು ಹೋಯಿತು. ಮೇಷ್ಟ್ರು ನೋಟ್‌ಬುಕ್ಕಿನಲ್ಲಿ ಇನ್ನೊಂದು ಗೀಟು ಎಳೆದರು.

ಎಣ್ಣೆ ಕಂಪನಿಯ ಗೇಟಿನೆದುರಿನ ಚಹಾದಂಗಡಿಯ ಬೆಂಚು ಹಿಡಿದು ಅವರಿಗೆ ಇಂದಿಗೆ ಇಪ್ಪತ್ತೆರಡು ದಿನ. ಸೊಂಟ ಹಿಡಿದುಕೊಂಡಿತ್ತು. ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದ ಮನುಷ್ಯ ಕೊನೆಗೆ ಲಾರಿ ಎಣಿಸುವ ಕೆಲಸಕ್ಕೆ ಬಂದೆನಲ್ಲ ಎಂದು ಒಮ್ಮೊಮ್ಮೆ ತಮಗೆ ತಾವೇ ಬೈದುಕೊಳ್ಳುತ್ತಿದ್ದರು.

ಬೈದುಕೊಂಡರೂ ಏಳುವಂತಿರಲಿಲ್ಲ. ಒಂಬತ್ತು ವರ್ಷದಿಂದ ಕಂಪನಿ ಷೇರುದಾರರಿಗೆ ಬಿಡಿಗಾಸು ಲಾಭಾಂಶ ಕೊಟ್ಟಿರಲಿಲ್ಲ. ಬಾವಿಗಳು ದಿನಕ್ಕೆ ಒಂದು ಟ್ಯಾಂಕರ್ ತುಂಬುವಷ್ಟೂ ಎಣ್ಣೆ ಕೊಡುತ್ತಿಲ್ಲ ಎಂದು ವರದಿಯಲ್ಲಿ ಅಚ್ಚು ಹಾಕಿಸಿದ್ದರು. ಕಳೆದ ವಾರ್ಷಿಕ ಸಭೆಯಲ್ಲಿ ಆಡಳಿತ ನಿರ್ದೇಶಕರು ಕನ್ನಡಕ ಒರೆಸಿಕೊಳ್ಳುತ್ತ, ಬಾವಿಗಳು ಮುದಿಯಾಗಿವೆ, ನೀರು ತುಂಬಿಸಿ ತಳದ ಎಣ್ಣೆಯನ್ನು ಮೇಲಕ್ಕೆ ದೂಡುವ ಪ್ರಯತ್ನ ನಡೆದಿದೆ, ತಾಳ್ಮೆ ಇರಲಿ ಎಂದಿದ್ದರು. ನಮ್ಮ ದುಡ್ಡನ್ನು ಮುಳುಗಿಸುವುದಕ್ಕೆ ಇಷ್ಟು ನೀರು ಸಾಕೇ ಎಂದು ಮೇಷ್ಟ್ರು ಎದ್ದು ನಿಂತು ಕೇಳಿದ್ದರು. ಚಪ್ಪಾಳೆ ಬಿದ್ದಿತ್ತು. ಸಭೆಯಿಂದ ದಕ್ಕಿದ್ದು ಅದೊಂದೇ.

ಗೇಟಿನೆದುರು ಕೂತು ತಾವೇ ಎಣಿಸಬೇಕೆಂದು ಅವರು ಅವತ್ತೇ ನಿಶ್ಚಯಿಸಿದ್ದು. ದಿನಕ್ಕೆ ಒಂದೂ ತುಂಬದ ಕಡೆಯಿಂದ ಒಂಬತ್ತು ಟ್ಯಾಂಕರ್ ಹೊರಬೀಳುವುದು ಹೇಗೆ? ಎಂಟು ಯಾರ ಹೊಟ್ಟೆಗೆ? ಮುಂದಿನ ಸಭೆಯಲ್ಲಿ ಈ ನೋಟ್‌ಬುಕ್ಕನ್ನು ಆ ಕನ್ನಡಕದ ಮುಂದೆ ಹಿಡಿಯಬೇಕಿತ್ತು.

ಮೊಬೈಲು ಬಡಿದುಕೊಂಡಿತು. ತಂಗಿ. ಗಂಡ ತೀರಿಕೊಂಡಾಗ ಬಂದ ಹಣವನ್ನೆಲ್ಲ ಮೇಷ್ಟ್ರ ಮಾತು ಕೇಳಿ ಇದೇ ಷೇರಿಗೆ ಹಾಕಿದವಳು. ಹೊಲಿಗೆ ಮಾಡಿ ಮಾಡಿ ಕಣ್ಣು ಸೋತು, ಈಗ ಸೂಜಿಗೆ ದಾರ ಪೋಣಿಸಲು ಪಕ್ಕದ ಮನೆಯವಳನ್ನು ಕರೆಯುತ್ತಿದ್ದಳು.

"ಅಣ್ಣ, ಬಟ್ಟೆ ಅಂಗಡಿಯವರು ಬಂದು ಕೂತಿದಾರೆ. ಷೇರೆಲ್ಲ ತಗೋತಾರಂತೆ. ಬೆಲೆ ಕಮ್ಮಿನೇ. ಆದ್ರೂ ಮಿಷನ್ ತುಳಿಯೋದು ಬಿಡಬಹುದು."

ಅಷ್ಟರಲ್ಲಿ ಟ್ಯಾಂಕರೊಂದು ಗೇಟಿನ ಕಡೆಗೆ ಹೊರಳಿತು. ಹಲಗೆಯ ಮೇಲಿನ ಲೋಟಗಳೆಲ್ಲ ಗಲಗಲ ಎಂದವು. ಮೇಷ್ಟ್ರು ಒಂದು ಕಿವಿ ಮುಚ್ಚಿಕೊಂಡರು. ಒಳಗೆ ಹೋಗುವವನ್ನು ಅವರು ಬರೆದುಕೊಳ್ಳುತ್ತಿರಲಿಲ್ಲ.

"ಕೊಡಬೇಡ. ಎಣ್ಣೆ ಬೇಕಾದಷ್ಟಿದೆ. ಕಣ್ಣಾರೆ ನೋಡ್ತಿದೀನಿ."

"ನೀನು ಹೇಳಿದ್ಮೇಲೆ ಮುಗೀತು," ಎಂದಳು.

ಗೇಟು ತೆರೆಯಲೆಂದು ಕಾದು ನಿಂತ ಟ್ಯಾಂಕರಿನ ಅಡಿಯಲ್ಲಿ ಬೀದಿನಾಯಿಯೊಂದು ನೆಲ ನೆಕ್ಕುತ್ತಿತ್ತು. ಅಲ್ಲಿ ಅದರದ್ದು ದಿನವೂ ಇದೇ ಕೆಲಸ.

ಅರ್ಧ ಗಂಟೆಯಲ್ಲಿ ತಂಗಿಯ ಕರೆ ಮತ್ತೆ ಬಂತು. ಬಟ್ಟೆ ಅಂಗಡಿಯವರು ಮುಖ ಗಂಟಿಕ್ಕಿಕೊಂಡು ಎದ್ದು ಹೋದರಂತೆ, ಎದುರು ಮನೆಯ ಕಾಂಪೌಂಡರನ ಷೇರು ಕೊಂಡು ಇನ್ನು ಸಾಕು ಎಂದರಂತೆ. ಮೇಷ್ಟ್ರಿಗೆ ಎಷ್ಟೋ ದಿನದ ಮೇಲೆ ಮನಸ್ಸು ಹಗುರವಾಯಿತು. ಪಾಪ ಕಾಂಪೌಂಡರ್, ಚಿನ್ನವನ್ನು ತವರದ ಬೆಲೆಗೆ ಕೊಟ್ಟ ಎಂದುಕೊಂಡರು.

ನೂರ ತೊಂಬತ್ತೆಂಟನೆಯದು ಹೋದ ಮೇಲೆ ನೋಟ್‌ಬುಕ್ ಮುಚ್ಚಿ ಇನ್ನೊಂದು ಚಹಾ ಕೇಳಿದರು. ಅಂಗಡಿಯಾಕೆ ಕೊಡ ಬಗ್ಗಿಸಿ ತಳದಲ್ಲಿದ್ದದ್ದನ್ನೆಲ್ಲ ಪಾತ್ರೆಗೆ ಸುರಿದಳು.

"ಇದೇ ಕೊನೆ ಮೇಷ್ಟ್ರೇ. ನಾಳೆಯಿಂದ ಅಂಗಡಿ ತೆಗೆಯೋದು ಅನುಮಾನ."

ಯಾಕೆ ಎಂದು ಅವರು ಕೇಳಿದರು. ಆಕೆ ಖಾಲಿ ಕೊಡವನ್ನು ಬೋರಲು ಹಾಕಿದಳು.

"ಇನ್ನು ಟ್ಯಾಂಕರ್ ಬರಲ್ವಂತೆ. ಎಷ್ಟು ಸುರಿದ್ರೂ ಬಾವಿಲಿ ಎಣ್ಣೆ ಏಳ್ತಿಲ್ಲ ಅಂತ ಕೈ ಬಿಟ್ರಂತೆ. ದಿನಾ ಬೆಳಿಗ್ಗೆ ಒಳಗೆ ಹೋಗೋ ಮುಂಚೆ ಡ್ರೈವರು ನನಗೂ ಒಂದು ಕೊಡ ಬಿಟ್ಟು ಹೋಗ್ತಿದ್ದ. ನೀವು ಇಷ್ಟು ದಿನ ಕುಡಿದ ಟೀ ಎಲ್ಲಾ ಆ ಟ್ಯಾಂಕರ್ ನೀರಿಂದೇ."